ಅಟ್ಟದ ಸಂಡಿಗೆ, ಬಾಣಲೆಯ ತೋಫು

ಸಕಲೇಶಪುರ, ಆಲೂರು ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮುಚ್ಚಳ ತೆಗೆದಿಟ್ಟ ಡಬ್ಬಿಯ ಚಕ್ಕುಲಿ ಸಂಜೆಯೊಳಗೆ ಮೆತ್ತಗಾಗುತ್ತದೆ. ಅಂಥ ಹವೆಯಲ್ಲಿ ಕೊರಿಯಾ ಶೈಲಿಯ ತೋಫು ಕರಿಯಹೊರಟವರ ಪ್ರಶ್ನೆ ಒಂದೇ: ವಿಡಿಯೊದಲ್ಲಿ ಕರುಂ ಎನ್ನುವುದು ಮನೆಯ ತಟ್ಟೆಯಲ್ಲಿ ಹತ್ತೇ ನಿಮಿಷಕ್ಕೆ ಯಾಕೆ ತೊಗಲಾಗುತ್ತದೆ?

ಮೊದಲ ಅನುಮಾನ ಮಳೆಯ ಮೇಲೆ. ಆದರೆ ದೊಡ್ಡ ಕಳ್ಳ ಒಳಗೇ ಇದ್ದಾನೆ. ಸೋಯಾ ಹಾಲನ್ನು ಮೆಗ್ನೀಸಿಯಂ ಕ್ಲೋರೈಡ್ ಅಥವಾ ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಒಡೆಸಿ, ಗಟ್ಟಿಯನ್ನು ಒತ್ತಿದರೆ ತೋಫು. ಅದರ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಪ್ರೋಟೀನಿನ ಬಲೆಯಲ್ಲಿ ಸಿಕ್ಕ ಆ ನೀರು ಕರಿದ ಮೇಲೂ ಹೊರಪದರದತ್ತ ಜಿನುಗುತ್ತಿರುತ್ತದೆ.

ಕೊರಿಯನ್ನರ ಉಪಾಯ, ಎರಡು ಸಲ ಕರಿಯುವುದು. ವಿಡಿಯೊಗಳು ಇದನ್ನು ಮಹಾ ಗುಟ್ಟೆಂಬಂತೆ ತೋರಿಸುತ್ತವೆ. ಅಕ್ಕಿ ಸಂಡಿಗೆ ಬಲ್ಲವರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ.

ಸಂಡಿಗೆಗೆ ಮೊದಲು ಹಿಟ್ಟನ್ನು ನೀರಿನಲ್ಲಿ ಬೇಯಿಸಿ ತಿರುವುತ್ತಾರೆ. ಪಿಷ್ಟದ ಕಣಗಳು ನೀರು ಕುಡಿದು, ಉಬ್ಬಿ, ಒಡೆದು ಅಂಟಾಗುತ್ತವೆ. ಆಮೇಲೆ ಬೇಸಗೆಯ ಬಿಸಿಲು. ಒಣಗಿದ ಸಂಡಿಗೆ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ವಿಜ್ಞಾನಿಗಳು ಇದನ್ನು ಪಿಷ್ಟದ ‘ಗಾಜಿನ ಸ್ಥಿತಿ’ ಎನ್ನುತ್ತಾರೆ: ಅಣುಗಳು ಇದ್ದಲ್ಲೇ ಸಿಕ್ಕಿಕೊಂಡಿರುತ್ತವೆ. ಒಂದಿಷ್ಟು ನೀರು ಹೊಕ್ಕಿತೋ, ಅದು ಅಣುಗಳ ನಡುವೆ ಕೀಲೆಣ್ಣೆಯಂತೆ ಕೆಲಸ ಮಾಡುತ್ತದೆ; ಗಾಜು ಹೋಗಿ ತೊಗಲಾಗುತ್ತದೆ. ಸೌದೆ ಒಲೆಯ ಕಾಲದಲ್ಲಿ ಸಂಡಿಗೆ ಡಬ್ಬಿ ಬೆಚ್ಚಗಿನ ಅಟ್ಟ ಸೇರುತ್ತಿದ್ದದ್ದು ಇದಕ್ಕೇ.

ತೋಫು ಕರಿಯುವವರು ಬೇಸಗೆಗೆ ಕಾಯಲಾರರು. ಬಟ್ಟೆಯಲ್ಲಿ ಸುತ್ತಿ, ಮೇಲೆ ಗುಂಡುಕಲ್ಲಿಟ್ಟು ಒತ್ತಿದ ತೋಫುವನ್ನು ಹೋಳು ಮಾಡಿ, ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ 160 ಡಿಗ್ರಿಯ ಎಣ್ಣೆಗೆ ಬಿಡಬೇಕು. ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬಾಣಲೆಯ ಚೊರ್ ಸದ್ದೆಲ್ಲ ಆ ಆವಿಯದೇ. ಇಲ್ಲಿಗೆ ಸಂಡಿಗೆಯ ಹಿಟ್ಟು ಬೆಂದಂತಾಯಿತು. ಹೋಳುಗಳನ್ನು ಹತ್ತು ನಿಮಿಷ ಆರಲು ಬಿಟ್ಟರೆ ಒಳಗಿನ ನೀರು ಹೊರಪದರಕ್ಕೆ ಬರುತ್ತದೆ. 180–190 ಡಿಗ್ರಿಯಲ್ಲಿ ಮತ್ತೆ ಬಿಟ್ಟಾಗ ಅದೂ ಹಾರಿ ಪದರ ಗಾಜಾಗುತ್ತದೆ. ಬಿಸಿಲಿನ ಕೆಲಸವನ್ನು ಎಣ್ಣೆಯೇ ಮಾಡಿತು.

ಅಂಚಿನ ಕೆಂಬಣ್ಣ, ಘಮ ಬೇರೆ ಕಥೆ. ಅಮೈನೊ ಆಮ್ಲ ಮತ್ತು ಸಕ್ಕರೆಯ ಈ ಕೂಡಾಟವನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್.

ಮೇಲೆ ಸವರುವ ಗೊಚುಜಾಂಗ್ ಎಂದರೆ ಮೆಣಸಿನಪುಡಿ, ಅಂಟಕ್ಕಿ, ಹುದುಗು ಬಂದ ಸೋಯಾ ಸೇರಿದ ಗೊಜ್ಜು. ಸಿಗದಿದ್ದರೆ ಹುಳಿಸಿದ ರುಚಿ ಬಾರದು, ಬಣ್ಣಕ್ಕೆ ಮಾತ್ರ ಬ್ಯಾಡಗಿ ಮೆಣಸಿನಕಾಯಿ ಸಾಕು: ಕೆಂಪು ಜಾಸ್ತಿ, ಖಾರ ಕಡಿಮೆ. ಅದನ್ನು ಬೆಳ್ಳುಳ್ಳಿ, ಸೋಯಾ ಸಾಸ್‌ನೊಂದಿಗೆ ಬೆಲ್ಲದ ಗಟ್ಟಿ ಪಾಕದಲ್ಲಿ ಕಲಸಬೇಕು. ಪಾಕದ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಪದರ ಬೇಗ ನೆನೆಯದು. ತೆಳ್ಳಗಿನ ಸಾಸ್ ಹೊಯ್ದರೆ ಗಾಜಿನ ಆಟ ಅಲ್ಲಿಗೇ ಮುಗಿಯಿತು.

ಜೊತೆಗಿನ ಸಲಾಡಿಗೂ ಇದೇ ಎಚ್ಚರ. ಉಪ್ಪು ಬಿದ್ದ ಸೌತೆಕಾಯಿ ಪರಾಸರಣದಿಂದ ನೀರು ಬಿಡುತ್ತದೆ. ಆ ನೀರು ಹರಿದು ತೋಫುವಿನ ಅಡಿ ಸೇರುತ್ತದೆ. ಕೋಸಂಬರಿಗೆ ಎಲೆ ಹಾಕುವ ಹೊತ್ತಿಗೆ ಉಪ್ಪು ಬೆರೆಸುವವರು ಸಲಾಡಿಗೂ ಹಾಗೆಯೇ ಮಾಡಿ, ಬೇರೆ ಬಟ್ಟಲಿನಲ್ಲಿ ಬಡಿಸಿದರಾಯಿತು.