ಪಹಣಿಯಿಂದ ಪಾಠ ಮೊದಲಾಗಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ರೈತರ ಮನೆಗಳಲ್ಲಿ ಪಹಣಿಯನ್ನು ಕಾಣದ ವಿದ್ಯಾರ್ಥಿಯು ವಿರಳ. ಅದೇ ವಿದ್ಯಾರ್ಥಿಯು ಕಾಲೇಜಿನಲ್ಲಿ ಮಾಹಿತಿ ವ್ಯವಸ್ಥೆಗಳ ಪಾಠಕ್ಕೆ ಕುಳಿತಾಗ ಗಣಕಯಂತ್ರದ ಭಾಗಗಳ ಹೆಸರುಗಳನ್ನು ಕಂಠಪಾಠ ಮಾಡತೊಡಗುತ್ತಾನೆ. ಈ ಶಾಸ್ತ್ರದ ಮೊದಲ ಪಾಠವು ಮನೆಯ ಪಹಣಿಯೇ ಆಗಿರಬೇಕೆಂಬುದು ನಮ್ಮ ಅಭಿಪ್ರಾಯ.

ಭೌತಶಾಸ್ತ್ರದಲ್ಲಿ ಯಾವ ಸಂಖ್ಯೆ ಎದುರಾದರೂ ನಾವು ಮೊದಲು ಅದರ ಮಾನವನ್ನು ಕೇಳುತ್ತೇವೆ. ಪಹಣಿಗೂ ಆ ಪ್ರಶ್ನೆ ಸಲ್ಲುತ್ತದೆ. ಒಬ್ಬ ರೈತನಿಗೆ ಒಂದೆಡೆ 2 ಎಕರೆ 30 ಗುಂಟೆ, ಇನ್ನೊಂದೆಡೆ 1 ಎಕರೆ 20 ಗುಂಟೆ ಜಮೀನಿದೆಯೆಂದು ಭಾವಿಸೋಣ. ಇವನ್ನು 2.30, 1.20 ಎಂದು ಬರೆದು ಕೂಡಿಸಹೇಳಿದರೆ ಯಂತ್ರವು 3.50 ಎನ್ನುತ್ತದೆ. ಅದನ್ನು ಮೂರೂವರೆ ಎಕರೆಯೆಂದು ಓದಿದರೆ ರೈತನಿಗೆ 30 ಗುಂಟೆ ನಷ್ಟ! 40 ಗುಂಟೆಗೆ ಒಂದು ಎಕರೆಯಾದುದರಿಂದ ಸರಿಯಾದ ಮೊತ್ತ 4 ಎಕರೆ 10 ಗುಂಟೆ. ಯಂತ್ರವು ತಪ್ಪಲಿಲ್ಲ; ಅದಕ್ಕೆ ಕಲಿಸಿದವನು ಗುಂಟೆಯನ್ನು ಮರೆತನು.

ಎರಡನೆಯ ಪ್ರಶ್ನೆ ನಿಯಮವನ್ನು ಕುರಿತದ್ದು. 2000ದ ಸುಮಾರಿಗೆ ಮೊದಲಾದ ಕರ್ನಾಟಕದ ‘ಭೂಮಿ’ ಯೋಜನೆಯು ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಚಾರಿಸತಕ್ಕದ್ದೆಂಬ ನಿಯಮವನ್ನು ಅದರಲ್ಲಿ ಅಳವಡಿಸಲಾಯಿತು. ನೋಡುವುದಕ್ಕೆ ಇದು ಲೆಕ್ಕದ ಒಂದು ಸಾಲು. ವಾಸ್ತವವಾಗಿ, ಶಿಫಾರಸಿಲ್ಲದ ಬಡವನಿಗೂ ಅವನ ಸರದಿ ದೊರೆಯಬೇಕೆಂಬ ನ್ಯಾಯದ ತೀರ್ಮಾನ.

ಮೂರನೆಯ ಪ್ರಶ್ನೆಯೇ ಕಠಿಣವಾದದ್ದು: ದಾಖಲೆಯಲ್ಲಿ ಯಾರಿಲ್ಲ? ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. ಅದಕ್ಕಾಗಿ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಗುತ್ತಿಗೆಯ ಹಣ ದಾಖಲೆಯಲ್ಲಿ ಹೆಸರುಳ್ಳ ಭೂಮಾಲಿಕರಿಗೆ ಸಲ್ಲುತ್ತದೆ. ಅದೇ ಹೊಲಗಳಲ್ಲಿ ಕಡಲೆಕಾಯಿಯ ಕಳೆ ಕಿತ್ತು ಬದುಕುತ್ತಿದ್ದ ಭೂಹೀನ ಕೂಲಿಯವನ ಹೆಸರಿಗೆ ಪಹಣಿಯಲ್ಲಿ ಅಂಕಣವೇ ಇಲ್ಲ. ಪ್ರತಿಯೊಂದು ಲೆಕ್ಕವೂ ಸರಿಯಾಗಿದ್ದರೂ ಅವನ ನಷ್ಟವನ್ನು ಯಂತ್ರವು ತೋರಿಸಲಾರದು.

ವಿದ್ಯಾರ್ಥಿ ಮಿತ್ರರೇ, ಬಿಡುವಿನಲ್ಲಿ ಮನೆಯ ಪಹಣಿಯನ್ನು ಹಿರಿಯರೊಡನೆ ಕುಳಿತು ಓದಿರಿ. ಮಾನ ಯಾವುದು, ನಿಯಮ ಯಾರದು, ಬಿಟ್ಟುಹೋದವರು ಯಾರು ಎಂದು ಕೇಳಿರಿ. ನಾಳೆ ನೀವೇ ಅಂಕಣಗಳನ್ನು ಎಳೆಯುವವರಾದಾಗ ಈ ಮೂರು ಪ್ರಶ್ನೆಗಳು ನೆನಪಿದ್ದರೆ, ಗುರುಗಳ ಶ್ರಮ ಸಾರ್ಥಕವೇ ಸರಿ.