ಕೀಲಿನೊಳಗಿನ ನೇಯ್ಗೆ

ಐವತ್ತು ದಾಟಿದವರು ದಾದರಿನ ರೈಲು ಸೇತುವೆಯ ಮೆಟ್ಟಿಲ ಮುಂದೆ ಒಂದು ಕ್ಷಣ ನಿಂತು, ಪಕ್ಕದ ಕಂಬಿಯನ್ನು ಹಿಡಿದು ಮೆಲ್ಲನೆ ಏರುವುದು ಮುಂಬಯಿಯಲ್ಲಿ ನಿತ್ಯದ ನೋಟ. ವೈದ್ಯರಲ್ಲಿಗೆ ಹೋದರೆ ‘ಮಂಡಿ ಸವೆದಿದೆ’ ಎಂಬ ಉತ್ತರ ದೊರೆಯುತ್ತದೆ. ಆಸ್ಟಿಯೋ ಆರ್ಥ್ರೈಟಿಸ್ ಎಂಬ ಉದ್ದನೆಯ ಹೆಸರಿಗೆ ಜನ ಮಾಡಿಕೊಂಡಿರುವ ಅರ್ಥವೂ ಅದೇ. ಆದರೆ ಸವೆತವೆಂಬ ಮಾತು ಅರ್ಧಸತ್ಯ. ಚಪ್ಪಲಿಯ ಅಟ್ಟೆ ಸವೆಯುವಂತೆ ಮಂಡಿ ಸವೆಯುವುದಿಲ್ಲ. ಅಟ್ಟೆಗೆ ಜೀವವಿಲ್ಲ, ಕೀಲಿಗೆ ಉಂಟು. ಅಲ್ಲಿ ನಡೆಯುವುದು ಬರಿಯ ತಿಕ್ಕಾಟವಲ್ಲ, ಒಂದು ನೇಯ್ಗೆಯ ಬಿಚ್ಚುವಿಕೆ.

ಕೀಲಿನಲ್ಲಿ ಸಂಧಿಸುವ ಎಲುಬುಗಳ ತುದಿಗೆ ಸುಮಾರು 2ರಿಂದ 4 ಮಿಲಿಮೀಟರ್ ದಪ್ಪದ, ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಇದರಲ್ಲಿ ರಕ್ತನಾಳವಿಲ್ಲ, ನರವಿಲ್ಲ. ತೂಕದ ಮುಕ್ಕಾಲು ಪಾಲಿನಷ್ಟು ನೀರೇ. ಇಂಥ ವಸ್ತು ದೇಹದ ಭಾರವನ್ನು ಹೊರುವುದಾದರೂ ಹೇಗೆ? ಅಗ್ರಿಕಾನ್ ಎಂಬ ದೊಡ್ಡ ಅಣುಗಳು ನೀರನ್ನು ಸೆಳೆದುಕೊಂಡು ಉಬ್ಬಲು ಹವಣಿಸುತ್ತವೆ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಅವನ್ನು ಉಬ್ಬಗೊಡದೆ ಬಿಗಿದಿಡುತ್ತದೆ. ಹತ್ತಿಯನ್ನು ಅದುಮಿ ತುಂಬಿ ಬಿಗಿಯಾಗಿ ಹೊಲಿದ ಹೊಸ ಗಾದಿ ಮೈಭಾರವನ್ನು ತಾಳುವುದು ಹೀಗೆಯೇ. ಈ ಎಳೆಗಳ ಜೋಡಣೆಯಲ್ಲಿಯೂ ಒಂದು ಕ್ರಮವುಂಟು: ಮೇಲ್ಪದರದಲ್ಲಿ ಅವು ಮೈಗೆ ಸಮಾನಾಂತರವಾಗಿ ಮಲಗಿರುತ್ತವೆ, ನಡುವೆ ಓರೆಯಾಗಿ ಹೆಣೆದುಕೊಂಡಿರುತ್ತವೆ, ತಳದಲ್ಲಿ ನೆಟ್ಟಗೆ ನಿಂತು ಎಲುಬಿನ ಕಡೆಗೆ ಬೇರೂರುತ್ತವೆ.

ಒಂದೊಂದು ಕೊಲಾಜೆನ್ ಅಣುವೂ ಮೂರು ಸರಪಳಿಗಳನ್ನು ಹೊಸೆದ ಹುರಿ. ಈ ರಚನೆಯನ್ನು 1954ರಲ್ಲಿ ಸೂಚಿಸಿ, ಮರುವರ್ಷ ಪರಿಷ್ಕರಿಸಿದವರು ಮದರಾಸು ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು, ಮುಂದೆ ಅದೇ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಮರಳಿದರು. ಕೊಲಾಜೆನ್ನಿನಲ್ಲಿ ಹಲವು ಬಗೆಗಳಿವೆ. ಎಲುಬಿನಲ್ಲಿಯೂ ಚರ್ಮದಲ್ಲಿಯೂ ಮೊದಲನೆಯ ಬಗೆ ಪ್ರಧಾನ. ಕೀಲಿನ ಮೃದ್ವಸ್ಥಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ಎರಡನೆಯ ಬಗೆ.

ವ್ಯಾಧಿ ಆರಂಭವಾದಾಗ ಮೇಲ್ಪದರದ ಬಲೆ ಸಡಿಲಗೊಳ್ಳುತ್ತದೆ. ಆಗ ಮೃದ್ವಸ್ಥಿ ಒಣಗುವುದಿಲ್ಲ. ಅದರಲ್ಲಿ ನೀರಿನ ಪ್ರಮಾಣ ಹೆಚ್ಚುತ್ತದೆ. ಹೊಲಿಗೆ ಬಿಟ್ಟ ಗಾದಿಯಂತೆ ಅದು ಉಬ್ಬಿ ಮೆತ್ತಗಾಗುತ್ತದೆ. ಮೃದ್ವಸ್ಥಿಯನ್ನು ಕಟ್ಟಿ ಕಾಯಬೇಕಾದ ಜೀವಕೋಶಗಳೇ, ಪೆಟ್ಟು, ಅತಿಭಾರ ಮತ್ತು ಉರಿಯೂತದ ಪ್ರೇರಣೆಗೆ ಸಿಕ್ಕಿ, ಅದನ್ನು ಕತ್ತರಿಸುವ ಕಿಣ್ವಗಳನ್ನು ಸುರಿಸತೊಡಗುತ್ತವೆ. ಮೊದಲು ಹೋಗುವುದು ಹೆಚ್ಚಾಗಿ ಅಗ್ರಿಕಾನ್. ಬಳಿಕ ಎಂ.ಎಂ.ಪಿ.-13 ಎಂಬ ಕಿಣ್ವ ಕೊಲಾಜೆನ್ ಹುರಿಯನ್ನು ಒಂದು ನಿರ್ದಿಷ್ಟ ಸ್ಥಾನದಲ್ಲಿ ಕತ್ತರಿಸಿ, ಮುಕ್ಕಾಲು ಮತ್ತು ಕಾಲು ಪಾಲಿನ ಎರಡು ತುಂಡುಗಳನ್ನಾಗಿ ಮಾಡುತ್ತದೆ. ಕತ್ತರಿಸಿದ ಹುರಿ ಮೈಯ ಬಿಸಿಗೇ ಬಿಚ್ಚಿಕೊಂಡು ಜೆಲಟಿನ್ನಿನಂತಾಗುತ್ತದೆ. ಬೇರೆ ಕಿಣ್ವಗಳು ಅದನ್ನು ಇನ್ನಷ್ಟು ಚೂರುಮಾಡುತ್ತವೆ. ಮೇಲ್ಮೈ ನವಿರೆದ್ದು, ಸೀಳುಬಿಟ್ಟು, ಕೊನೆಗೆ ಎಲುಬು ಬರಿದಾಗುತ್ತದೆ.

ಜೀವಕೋಶಗಳು ಕೈಕಟ್ಟಿ ಕುಳಿತಿರುವುದಿಲ್ಲ. ಅವು ಗುಂಪುಗುಂಪಾಗಿ ವೃದ್ಧಿಹೊಂದಿ ಹೊಸ ಕೊಲಾಜೆನ್ ತಯಾರಿಸುತ್ತವೆ. ಆದರೆ ಅದರೊಡನೆ ಒಂದನೆಯ, ಹತ್ತನೆಯ ಬಗೆಗಳೂ ಬೆರೆಯುತ್ತವೆ. ಹಳೆಯ ನೇಯ್ಗೆಯ ಕ್ರಮ ಮರಳುವುದಿಲ್ಲ.

ಇಲ್ಲಿಯೇ ವಿಷಯದ ತಿರುಳಿದೆ. ಅಗ್ರಿಕಾನ್ ಚಾಲ್ತಿ ಖಾತೆಯಂತೆ, ಖರ್ಚಾದಷ್ಟನ್ನು ಕೆಲಮಟ್ಟಿಗೆ ತುಂಬಿಕೊಳ್ಳಬಹುದು. ಕೊಲಾಜೆನ್ ಮೂಲಧನ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ಹೆಚ್ಚಿದ ಇಂಗಾಲ-14 ಆ ಕಾಲದಲ್ಲಿ ಬೆಳೆದವರ ಅಂಗಾಂಶಗಳಲ್ಲಿ ಕಾಲಮುದ್ರೆಯಂತೆ ಉಳಿದಿದೆ. ಅದನ್ನು ಅಳೆದು ಡೆನ್ಮಾರ್ಕಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ತೀರ್ಮಾನ ಇದು: ಮಂಡಿಯ ಕೊಲಾಜೆನ್ ಬೆಳವಣಿಗೆಯ ವಯಸ್ಸಿನಲ್ಲಿ ಹೆಣೆಯಲ್ಪಟ್ಟದ್ದೇ ಸರಿ, ಪ್ರೌಢರಲ್ಲಿ, ವ್ಯಾಧಿಗೊಂಡ ಕೀಲಿನಲ್ಲಿಯೂ, ಅದು ಬದಲಾಗುವುದು ಇಲ್ಲವೆಂಬಷ್ಟು ಕಡಿಮೆ. ಇಷ್ಟು ದೀರ್ಘಕಾಲ ಉಳಿಯುವ ಎಳೆಗಳಿಗೆ ರಕ್ತದ ಸಕ್ಕರೆಯೂ ಅಂಟಿಕೊಳ್ಳುತ್ತದೆ; ವಯಸ್ಸಾದಂತೆ ಅವು ಹಳದಿಗಟ್ಟಿ, ಪೆಡಸಾಗಿ, ಸುಲಭವಾಗಿ ಮುರಿಯುತ್ತವೆ.

ಮೃದ್ವಸ್ಥಿಯಲ್ಲಿ ನರವಿಲ್ಲದ ಕಾರಣ ಈ ನಷ್ಟದ ಮೊದಲ ಕಂತುಗಳು ನೋವಿಲ್ಲದೆ ಸಂದುಹೋಗುತ್ತವೆ. ನೋವು ಹುಟ್ಟುವುದು ಎಲುಬು ಮತ್ತು ಕೀಲಿನ ಒಳಪೊರೆ ತೊಂದರೆಗೆ ಸಿಕ್ಕಿದಾಗ. ಎಕ್ಸ್-ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ. ಎಲುಬುಗಳ ನಡುವಿನ ಅಂತರ ಕಿರಿದಾದುದನ್ನು ನೋಡಿ ಊಹಿಸಬೇಕು.

ಔಷಧದಂಗಡಿಗಳಲ್ಲಿ ಕೊಲಾಜೆನ್ ಪುಡಿಯ ಡಬ್ಬಿಗಳು ಭರದಿಂದ ಮಾರಾಟವಾಗುತ್ತಿವೆ. ತಿಂದ ಕೊಲಾಜೆನ್ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗಿ ಸಣ್ಣ ತುಣುಕುಗಳಾಗುತ್ತದೆ. ನೆಟ್ಟಗೆ ಮಂಡಿಗೆ ಹೋಗಿ ಹರಿದ ಬಲೆಯನ್ನು ಹೆಣೆಯುವುದಿಲ್ಲ. ಕೆಲವು ಪರೀಕ್ಷೆಗಳಲ್ಲಿ ನೋವು ತುಸು ತಗ್ಗಿದ್ದುಂಟು. ಆದರೆ ನೋವು ತಗ್ಗುವುದು ಬೇರೆ, ನೇಯ್ಗೆ ಮರಳುವುದು ಬೇರೆ. ಡಬ್ಬಿಯ ಬೆಲೆಯನ್ನು ನೋಡಿದವರು ಈ ವ್ಯತ್ಯಾಸವನ್ನೂ ನೋಡುವುದೊಳಿತು.

ಖರ್ಚಿಲ್ಲದ ಉಪಾಯ ಭಾರ ಇಳಿಸುವುದು. ಸ್ಥೂಲಕಾಯದ ಹಿರಿಯರನ್ನು ಕುರಿತು ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ನೋವಿಗೆ ಹೆದರಿ ಪೂರ್ತಿ ಕುಳಿತುಬಿಡುವುದೂ ಸಲ್ಲದು. ರಕ್ತನಾಳವಿಲ್ಲದ ಮೃದ್ವಸ್ಥಿಗೆ ಆಹಾರ ದೊರೆಯುವುದು ಮುಖ್ಯವಾಗಿ ಕೀಲಿನ ದ್ರವದಿಂದ. ನಡೆಯುವಾಗ ಅದು ಒತ್ತಿ ಸಡಿಲಗೊಂಡಂತೆಲ್ಲ ಆ ದ್ರವ ಒಳಹೊರಗೆ ಆಡುತ್ತದೆ.