ಸಿಬ್ಬಿನ ಸಂಗತಿ

ಚೆನ್ನೈಗೆ ಬೇಸಗೆ ಬಂದಿತೆಂದರೆ ನಮ್ಮ ಮಕ್ಕಳಲ್ಲಿ ಕೆಲವರ ಕತ್ತು, ಬೆನ್ನುಗಳ ಮೇಲೆ ಬಿಳಿಚಿದ ಮಚ್ಚೆಗಳು ಮೂಡುವುವು. ನಾವು ಇದನ್ನು ಸಿಬ್ಬು ಎನ್ನುತ್ತೇವೆ. ತಮಿಳರು ತೇಮಲ್ ಎನ್ನುವರು. ತೊನ್ನೆಂದು ಹೆದರಿ, ಪಕ್ಕದ ಹುಡುಗನು ಬೆಂಚಿನ ತುದಿಗೆ ಸರಿದುದನ್ನು ನಾವು ಕಂಡಿದ್ದೇವೆ. (ತೊನ್ನೂ ಅಂಟುವ ರೋಗವಲ್ಲ, ಅದು ಬೇರೆ ಮಾತು.) ಸಿಬ್ಬಿಗೆ ಕಾರಣವಾದ ಜೀವಿ ಸರಿದವನ ಮೈಮೇಲೂ ಇದ್ದಿತು!

ಅದು ಮಲಸೇಜಿಯ ಎಂಬ ಯೀಸ್ಟು. ಫ್ರಾನ್ಸಿನ ಮಲಸೇ ಎಂಬ ವಿದ್ವಾಂಸನು 1874ರಲ್ಲಿ ತಲೆಹೊಟ್ಟಿನಲ್ಲಿ ಇದನ್ನು ಕಂಡು ವರ್ಣಿಸಿದನು. ನಮ್ಮ ಚರ್ಮ ಒಸರುವ ಜಿಡ್ಡೇ ಇದರ ಆಹಾರ. ಹರೆಯದಲ್ಲಿ ಜಿಡ್ಡು ಹೆಚ್ಚುವುದು. ಅದಕ್ಕೆ ಕಡಲೂರಿನ ಸೆಕೆ, ಬೆವರು ಸೇರಿದರೆ ಯೀಸ್ಟು ಎಳೆಎಳೆಯಾಗಿ ಬೆಳೆದು, ಚರ್ಮದಲ್ಲಿ ಬಣ್ಣ ಹುಟ್ಟುವುದಕ್ಕೆ ಅಡ್ಡಿಯಾಗುವುದು. ಮಚ್ಚೆಯನ್ನು ಮೆಲ್ಲನೆ ಕೆರೆದರೆ ತೌಡಿನಂತಹ ಪುಡಿ ಉದುರುವುದು, ತೊನ್ನಿನಲ್ಲಿ ಹೀಗಾಗದು.

ಸಿಬ್ಬು ಕೊಳಕಿನ ಗುರುತಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಗುಣವಾಗಲೆಂದು ಎಣ್ಣೆ ಸವರುವ ತಾಯಂದಿರು (ನಮಗೂ ಬಾಲ್ಯದಲ್ಲಿ ಸವರಿದ್ದರು) ಯೀಸ್ಟಿಗೆ ಔತಣವಿಕ್ಕಿದಂತೆಯೇ ಸರಿ. ವೈದ್ಯರು ಕೊಡುವ ಮುಲಾಮಿಗೆ ಅದು ಕೆಲವು ವಾರಗಳಲ್ಲಿ ಅಡಗುವುದಾದರೂ ಬಣ್ಣ ಮರಳಲು ತಿಂಗಳುಗಳೇ ಬೇಕು. ಮದ್ದು ಹಿಡಿಯಲಿಲ್ಲವೆಂದು ಎದೆಗುಂದಬೇಕಾಗಿಲ್ಲ. ನಮ್ಮ ಆ ಹುಡುಗನ ಕತ್ತು ದೀಪಾವಳಿಯ ಹೊತ್ತಿಗೆ ತಿಳಿಯಾಯಿತು.